ಪಗಾರ: ಹಳೆಯ ಶಾಸನಗಳಲ್ಲಿ ಸಿಗದ ಪದ

"ಪಗಾರ ಆತೇನ್ರೀ?" ಜಮಖಂಡಿ, ಬೀಳಗಿ ಕಡೆ ಹೋಗಲಿ, ರಬಕವಿ-ಬನಹಟ್ಟಿಯ ಮಗ್ಗದ ಓಣಿಗೆ ಹೋಗಲಿ, ಈ ಮಾತು ಕಿವಿಗೆ ಬೀಳದೇ ಇರದು. ಇಷ್ಟು ಬಳಕೆಯ ಪದ ಹಳಗನ್ನಡದ್ದೇ ಇರಬೇಕು ಅನ್ನಿಸುತ್ತದೆ. ನಿಘಂಟು ತೆರೆದರೆ 'ಪಾಗಾರ' ಸಿಕ್ಕಿ ಇನ್ನಷ್ಟು ದಾರಿ ತಪ್ಪಿಸುತ್ತದೆ. ಆದ್ರೆ ಪಾಗಾರ ಸಂಸ್ಕೃತದ 'ಪ್ರಾಕಾರ'ದ ತದ್ಭವ, ಅದು ಸುತ್ತುಗೋಡೆ. ಕೂಲಿಗೂ ಗೋಡೆಗೂ ನಂಟಿಲ್ಲ.

ಪಗಾರ ಪೋರ್ಚುಗೀಸರಿಂದ ಬಂದದ್ದು. ಅವರಲ್ಲಿ 'ಪಗಾರ್' ಅಂದ್ರೆ ಹಣ ಸಲ್ಲಿಸು. ಸ್ಪ್ಯಾನಿಷ್‌ನಲ್ಲೂ ಅದೇ ಪದ, ಅದೇ ಅರ್ಥ. ಎರಡಕ್ಕೂ ಮೂಲ ಲ್ಯಾಟಿನ್ನಿನ 'ಪಾಕಾರೆ', ಅಂದರೆ ಸಮಾಧಾನಪಡಿಸು. ಅದರ ಬೇರು 'ಪಾಕ್ಸ್', ಶಾಂತಿ. ಸಾಲ ಕೊಟ್ಟವನ ಕೈಗೆ ದುಡ್ಡಿಟ್ಟರೆ ತಾನೇ ಅವನು ಸಮಾಧಾನವಾಗೋದು! ಹಾಗಾಗಿ ಅರ್ಥ ಜಾರಿತು. ಸ್ವರಗಳ ನಡುವಿನ ಕಕಾರ ಗಕಾರವಾದದ್ದು ನಮಗೇನೂ ಹೊಸದಲ್ಲ, ಪ್ರಾಕಾರ ಪಾಗಾರವಾದದ್ದೂ ಹಾಗೆಯೇ. ಫ್ರೆಂಚರ ಬಾಯಲ್ಲಿ ಆ ಕಕಾರ ಇನ್ನೂ ಸವೆದು ಯಕಾರವಾಯಿತು. ಅಲ್ಲಿಂದ ಇಂಗ್ಲಿಷಿಗೆ 'ಪೇ' ಬಂತು. ಪೇಮೆಂಟ್, ಪೀಸ್, ಪೆಸಿಫಿಕ್ ಸಾಗರ ಎಲ್ಲ ಒಂದೇ ಬಳ್ಳಿಯ ಕಾಯಿಗಳು.

ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಪದ ಅಲ್ಲಿಂದ ಮರಾಠಿಗೆ ಹೋಗಿ ನಾಮಪದವಾಯಿತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು 1948ರ ತನಕ ಆಳಿದವರು, ಮರಾಠಿ ಮನೆಮಾತಿನವರು. ನಮ್ಮ ಕಡೆ ಪಗಾರ ಬೇರೂರಿದ್ದಕ್ಕೆ, ಹಳೆ ಮೈಸೂರಿನಲ್ಲಿ ಸಂಬಳವೇ ಉಳಿದದ್ದಕ್ಕೆ ಕಾರಣ ಇಲ್ಲೇ ಇದೆ ಅಂತ ನನ್ನ ಎಣಿಕೆ.

ಹಾಗಾದರೆ ಅದಕ್ಕೂ ಮೊದಲು? ಶಾಸನಗಳಲ್ಲಿ ದುಡಿಮೆಯ ಪ್ರತಿಫಲ ಹೆಚ್ಚಾಗಿ ನೆಲದ ರೂಪದ್ದು: ಜೀವಿತ, ಉಂಬಳಿ, ಸತ್ತ ವೀರನ ಮನೆಯವರಿಗೆ ನೆತ್ತರುಗೊಡಗೆ. ಮಂಡ್ಯ ಜಿಲ್ಲೆಯ ಆತಕೂರು ಶಾಸನದಲ್ಲಿ ಮಣಲೆರನ ಶೌರ್ಯಕ್ಕೆ ಬೂತುಗ ಊರುಗಳನ್ನೇ 'ಬಾಳ್ಗಚ್ಚು' ಕೊಟ್ಟ, ಅಂದರೆ ಕತ್ತಿ ತೊಳೆದು ಕೊಟ್ಟ ದತ್ತಿ. ಆ ಕಲ್ಲಿನ ಕಾಲ 949ರ ಆಸುಪಾಸು. ನಮ್ಮ ಮುಧೋಳದ ರನ್ನ ಹುಟ್ಟಿದ್ದೂ 949ರಲ್ಲೇ. ಅವನಿಗೆ ಪಗಾರ ಅಂದಿದ್ರೆ ಅರ್ಥ ಆಗ್ತಿರಲಿಲ್ಲ.

ಇದು ಬರೀ ಪದದ ಚಪಲವಲ್ಲ. ಚಾಲುಕ್ಯರ ಕಾಲದ್ದು, ವಿಜಯನಗರದ ಆರಂಭದ್ದು ಅಂತ ಯಾರಾದರೂ ತಾಮ್ರಪಟ ತೋರಿಸಿದಾಗ ಅದರಲ್ಲಿ 'ಪಗಾರ' ಕೂಲಿಯ ಅರ್ಥದಲ್ಲಿ ಕಂಡರೆ, ಮೊದಲು ದೀರ್ಘ ಇದೆಯೇ ನೋಡಿ. ಇಲ್ಲವಾದರೆ ಲಿಪಿ ಎಷ್ಟೇ ಹಳತಾಗಿ ಕಾಣಲಿ, ಅದು 1510ರ ನಂತರದವರ ಕೈಕೆಲಸ.