ಸೆರೆಯಿಂದ ಸಿಂಹಾಸನಕ್ಕೆ: ದೊಡ್ಡವೀರರಾಜೇಂದ್ರ

ಟಿಪ್ಪುವಿನ ಸೆರೆಯಲ್ಲಿದ್ದ ಹಾಲೇರಿ ವಂಶದ ದೊಡ್ಡವೀರರಾಜೇಂದ್ರನು 1788ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕೊಡಗನ್ನು ಸೇರಿದನು. ಕೊಡವರು ಅವನ ಬೆನ್ನಿಗೆ ನಿಂತರು. 1790ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಒಪ್ಪಂದವೂ ಆಯಿತು.

ಮಡಿಕೇರಿಯ ಮುತ್ತಿಗೆಯ ಕಥೆ ಮಾತ್ರ ಬೇರೆ. ಕೋಟೆಗೆ ನೆರವು ತಂದ ಟಿಪ್ಪುವಿನ ಸರದಾರ ಖಾದರ್ ಖಾನ್, ಸೆರೆಯ ದಿನಗಳಲ್ಲಿ ರಾಜಕುಟುಂಬಕ್ಕೆ ಉಪಕರಿಸಿದವನು. ಆ ಋಣಕ್ಕಾಗಿ ಅರಸನು ಅವನನ್ನು ಒಳಹೋಗಗೊಟ್ಟನು. ಕೋಟೆ ಶರಣಾದ ಮೇಲೆ ಮರ್ಯಾದೆಯಿಂದ ಕಳುಹಿಸಿಕೊಟ್ಟನು. ಬರಿಯ ರಾಜನೀತಿಯ ಲೆಕ್ಕಕ್ಕೆ ಸಿಗುವ ನಡೆಯಲ್ಲ ಇದು.

1808ರ ‘ರಾಜೇಂದ್ರನಾಮೆ’ ಈ ಅರಸನೇ ಬರೆಯಿಸಿದ ವಂಶಚರಿತ್ರೆ. ಗೆದ್ದವನ ಮಾತೆಂಬ ಎಚ್ಚರದಿಂದಲೇ ಅದನ್ನು ಓದಬೇಕು. ಒಪ್ಪಂದ ಮಾಡಿಕೊಂಡ ಕಂಪನಿಯೇ 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡಿತು. ನಾಮೆಯ ಕಥನ ಅಷ್ಟು ದೂರ ಬರುವುದಿಲ್ಲ.