ಕ್ಲಿನಿಕ್ಕಿನ ಡ್ರಾಯರಿನಲ್ಲೊಂದು ಪುಟ್ಟ ಆಂಪೂಲು

ದಾವಣಗೆರೆ ಅಂದರೆ ಬೆಣ್ಣೆದೋಸೆ, ಹತ್ತಿ ಗಿರಣಿ... ಇವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹೇಳಹೊರಟಿರುವುದು ಇಲ್ಲಿನ ಮತ್ತು ಪಕ್ಕದ ಹರಿಹರದ ಪ್ರತಿ ಸಣ್ಣ ಕ್ಲಿನಿಕ್ಕಿನಲ್ಲೂ ಇರಲೇಬೇಕಾದ ಒಂದು ಮಿಲಿಲೀಟರಿನ ಔಷಧಿಯ ಕಥೆ. ಹೆಸರು ಅಡ್ರಿನಲಿನ್.

ಜಪಾನಿನ ಜೋಕಿಚಿ ತಕಾಮಿನೆ ಇದನ್ನು ಹರಳಾಗಿ ಬೇರ್ಪಡಿಸಿದ ಸುದ್ದಿ ಹೊರಬಿದ್ದದ್ದು 1901ರಲ್ಲಿ. ಮರುವರ್ಷ ಫ್ರಾನ್ಸಿನ ರಿಶೆ ಮತ್ತು ಪೋರ್ತಿಯೇ ಒಂದು ವಿಚಿತ್ರ ವರದಿ ಮಾಡಿದರು. ಒಂದು ಕಡಲಜೀವಿಯ ವಿಷವನ್ನು ಮೊದಲ ಸಲ ತಾಳಿಕೊಂಡಿದ್ದ ನಾಯಿ, ಕೆಲವು ವಾರಗಳ ನಂತರ ಸ್ವಲ್ಪವೇ ವಿಷ ಕೊಟ್ಟರೂ ಅರ್ಧ ಗಂಟೆಯೊಳಗೆ ಸತ್ತಿತು! ಇದಕ್ಕೆ ಅವರಿಟ್ಟ ಹೆಸರು ಅನಾಫಿಲ್ಯಾಕ್ಸಿಸ್. ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಆಮೇಲೆ ಬಂದದ್ದು ಪೆನಿಸಿಲಿನ್ ಕಾಲ. 1950ರ ದಶಕದಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲೇ ಅದು ತಯಾರಾಗತೊಡಗಿತು. "ಒಂದ್ ಸೂಜಿ ಮಾಡ್ರಿ ಸಾರ್" ಅನ್ನುವ ನಮ್ಮ ಜನರಿಗೆ ಅದು ವರವಾಯಿತು. ಆದರೆ ರಿಶೆಯ ನಾಯಿಗೆ ಆದದ್ದು ಅಪರೂಪಕ್ಕೆ ಮನುಷ್ಯರಿಗೂ ಆಗತೊಡಗಿತು.

ಗುರುತಿಸುವುದು ಹೇಗೆ? ಸೂಜಿಗೆ ಹೆದರಿ ತಲೆ ಸುತ್ತಿ ಬಿದ್ದವರ ನಾಡಿ ಸಾಮಾನ್ಯವಾಗಿ ನಿಧಾನವಾಗಿರುತ್ತದೆ, ಮಲಗಿಸಿದರೆ ಬೇಗ ಎಚ್ಚರಾಗುತ್ತಾರೆ. ಇದು ಹಾಗಲ್ಲ. ನಿಮಿಷಗಳಲ್ಲೇ ಮೈತುಂಬ ದದ್ದು, ತುಟಿ ಊತ, ಉಬ್ಬಸ, ವಾಂತಿ, ಓಡುವ ನಾಡಿ, ಕುಸಿಯುವ ಬಿಪಿ. ಕೆಲವರಲ್ಲಿ ದದ್ದು ಕಾಣಿಸದೆಯೂ ಇರಬಹುದು.

ಅವಿಲ್, ಡೆಕಡ್ರಾನ್ ಕೊಟ್ಟು ಕಾದು ನೋಡುವುದು ಹಳೇ ರೂಢಿ. ಅವಿಲ್ ತುರಿಕೆ ಇಳಿಸೀತು, ಬಿದ್ದ ಬಿಪಿಯನ್ನು ಎತ್ತದು. ಡೆಕಡ್ರಾನ್ ಕೆಲಸ ಶುರುಮಾಡುವುದಕ್ಕೇ ಗಂಟೆಗಳು ಬೇಕು. ಮೊದಲು ಅಡ್ರಿನಲಿನ್: ದೊಡ್ಡವರಿಗೆ ಅರ್ಧ ಮಿಲಿಲೀಟರ್, ತೊಡೆಯ ಹೊರಬದಿಯ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷ ಬಿಟ್ಟು ಮತ್ತೊಮ್ಮೆ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು, ಎದ್ದು ನಿಲ್ಲಿಸಬಾರದು. ಉಸಿರಾಟ ಕಷ್ಟವಾದರೆ ಕೂರಿಸಬಹುದು. ಇದೆಲ್ಲ ಡಾಕ್ಟರ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ದಾವಣಗೆರೆಗೆ 1965ರಲ್ಲೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂತು. 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ಎಲ್ಲ ಸರಿ, ಆದರೆ ಹರಿಹರದಿಂದ ದಾವಣಗೆರೆಗೆ ಸುಮಾರು ಹದಿನಾಲ್ಕು ಕಿಲೋಮೀಟರು. ಸೂಜಿಯಿಂದಾದ ಅನಾಫಿಲ್ಯಾಕ್ಸಿಸ್ ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲಿಸಬಲ್ಲದು. ಅಡ್ರಿನಲಿನ್ ಕೊಡದೆ "ದಾವಣಗೆರೆಗೆ ಕರ್ಕೊಂಡು ಹೋಗ್ರಿ" ಅಂದರೆ ಆ ದಾರಿಯೇ ಮುಗಿಯದೆ ಹೋದೀತು. ಕೊಟ್ಟು ಕಳಿಸಿದರೆ ದೊಡ್ಡಾಸ್ಪತ್ರೆಗೆ ಮುಂದಿನ ಕೆಲಸ ಮಾಡಲು ಅವಕಾಶ ಉಳಿಯುತ್ತದೆ.

ಮುಂದಿನ ಸಲ ಸೂಜಿ ಮಾಡಿಸಿಕೊಂಡರೆ ಅರ್ಧ ಗಂಟೆ ಅಲ್ಲೇ ಕೂತಿರಿ. ಹಿಂದೆ ಯಾವುದಾದರೂ ಔಷಧಿ ಒಗ್ಗದಿದ್ದರೆ ಮೊದಲೇ ಹೇಳಿ. ಅಡ್ರಿನಲಿನ್ ಇದೆಯೇ ಅಂತ ಕೇಳಿ, ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ :)