ಪೆಟ್ಟಿಗೆ ಗಟ್ಟಿ, ಆದರೆ ದಾರಿ?

1984ರ ಜುಲೈ 17. ಇಂಗ್ಲೆಂಡಿನ ಓಲ್ಡ್ ಡಾಲ್ಬಿ ಅನ್ನೋ ಊರಿನ ಹತ್ತಿರ ಹಳಿ ಮೇಲೆ ಒಂದು ದೊಡ್ಡ ಉಕ್ಕಿನ ಪೆಟ್ಟಿಗೆ ಇಟ್ಟರು. ಅಣುಸ್ಥಾವರದ ಸುಟ್ಟ ಇಂಧನ ಸಾಗಿಸುವ ಪೆಟ್ಟಿಗೆ ಅದು. ಆಮೇಲೆ ಚಾಲಕನೇ ಇಲ್ಲದ ಡೀಸೆಲ್ ಎಂಜಿನ್ ಒಂದು, ಹಿಂದೆ ಮೂರು ಬೋಗಿ ಎಳೆದುಕೊಂಡು, ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದಿತು. ಎಂಜಿನ್ ಅಪ್ಪಚ್ಚಿ. ಪೆಟ್ಟಿಗೆ ಬಾಯಿ ಬಿಡಲಿಲ್ಲ. ಅಲ್ಲಿನ ವಿದ್ಯುತ್ ಮಂಡಳಿ ಇದನ್ನ ಕ್ಯಾಮೆರಾಗಳ ಮುಂದೆ ಮಾಡಿದ್ದೇ ಜನರ ಭಯ ಕಳೆಯೋಕೆ.

ಇದನ್ನ ಬರೀ ಪ್ರಚಾರ ಅಂತ ನಾನು ತಳ್ಳಿಹಾಕಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮದ ಪ್ರಕಾರ ಇಂಥ ಪೆಟ್ಟಿಗೆ 9 ಮೀಟರ್ ಎತ್ತರದಿಂದ ಬಿದ್ದರೂ, 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ ಬೆಂದರೂ ತಡೀಬೇಕು. ಭಾರತದಲ್ಲೂ ಇದೇ ಅಳತೆ.

ಆದರೆ 30 ನಿಮಿಷ! 2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ನಗರದ ಕೆಳಗಿನ ಸುರಂಗದಲ್ಲಿ 60 ವ್ಯಾಗನ್ನಿನ ಗೂಡ್ಸ್ ಗಾಡಿ ಹಳಿ ತಪ್ಪಿ, ಸೋರಿದ ರಾಸಾಯನಿಕಕ್ಕೆ ಬೆಂಕಿ ಹತ್ತಿತು. ಪೂರ್ತಿ ಆರೋಕೆ ದಿನಗಳೇ ಹಿಡಿದವು. ಆ ಗಾಡಿಯಲ್ಲಿ ಅಣುತ್ಯಾಜ್ಯ ಇರಲಿಲ್ಲ. ಇದ್ದಿದ್ದರೂ ಪೆಟ್ಟಿಗೆ ತಡೀತಿತ್ತು ಅಂತ ಅಲ್ಲಿನ ಅಣು ನಿಯಂತ್ರಣ ಆಯೋಗ ಆಮೇಲೆ ಲೆಕ್ಕ ಹಾಕಿ ಹೇಳಿತು. ಲೆಕ್ಕ ಸರಿಯೇ ಇರಬಹುದು. ಆದರೂ ಅದು ಕಂಪ್ಯೂಟರಿನ ಲೆಕ್ಕ, ಓಲ್ಡ್ ಡಾಲ್ಬಿ ಥರ ಕಣ್ಣೆದುರಿನ ಪರೀಕ್ಷೆ ಅಲ್ಲ.

ಸುರಂಗ ಅಂದಕೂಡಲೇ ಥಾಣೆ, ಡೊಂಬಿವಲಿಯ ನಮ್ಮ ಕನ್ನಡಿಗರಿಗೆ ನೆನಪಾಗೋದು ಪಾರ್ಸಿಕ್. 1916ರದ್ದು, 1.3 ಕಿಲೋಮೀಟರ್ ಉದ್ದ, ಗುಡ್ಡದ ಮೇಲೆಲ್ಲ ಮನೆಗಳು. ದಿವಾದಲ್ಲಿ ವಸಾಯಿ ಲೈನ್, ಪನ್ವೇಲ್ ಲೈನ್ ಎರಡೂ ಬಂದು ಸೇರುತ್ತವೆ. ಕಲ್ಯಾಣದಲ್ಲಿ ಹಳಿ ಮತ್ತೆ ಕಸಾರಾ, ಕರ್ಜತ್ ಕಡೆ ಒಡೆಯುತ್ತೆ. ವಾಶಿಯ ಎದುರು, ಖಾಡಿಯ ಆಚೆ ದಡದಲ್ಲೇ ಟ್ರಾಂಬೆಯ ಬಿಎಆರ್‌ಸಿ. ಉತ್ತರಕ್ಕೆ ತಾರಾಪುರ. ರಾಜಸ್ಥಾನದ ರಾವತ್‌ಭಾಟಾದ ಸುಟ್ಟ ಇಂಧನ 1980ರ ದಶಕದಲ್ಲೇ ತಾರಾಪುರದಲ್ಲಿ ಸಂಸ್ಕರಣೆ ಆಗಿದೆ. ಅಷ್ಟು ದೂರ ಅದೇನು ನಡ್ಕೊಂಡು ಬಂದಿಲ್ಲವಲ್ಲ! ಆದರೆ ಇಂಥ ಸಾಗಣೆಯ ಹೊತ್ತು, ದಾರಿ ಯಾವುದನ್ನೂ ಊರಿನವರಿಗೆ ಹೇಳಲ್ಲ. ಮಾಹಿತಿ ಮುಚ್ಚಿಡುವ ಅಧಿಕಾರವನ್ನ 1962ರ ಅಣುಶಕ್ತಿ ಕಾಯ್ದೆಯ 18ನೇ ಕಲಮೇ ಸರ್ಕಾರಕ್ಕೆ ಕೊಟ್ಟಿತ್ತು. ಕಳ್ಳರಿಗೆ ಗೊತ್ತಾಗಬಾರದು, ಒಪ್ಪೋಣ. ಬೆಂಕಿ ಆರಿಸೋಕೆ ಬರೋರಿಗೆ? 2016ರ ಮೇ 26ರಂದು ಡೊಂಬಿವಲಿ ಎಂಐಡಿಸಿಯಲ್ಲಿ ಪ್ರೋಬೇಸ್ ಕಾರ್ಖಾನೆ ಸಿಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲಿ ಏನಿದೆ ಅಂತ ಗೊತ್ತಿರಬೇಕಾದ್ದು ಯಾಕೆ ಅಂತ ಈ ಊರಿಗೆ ಬೇರೆ ಹೇಳಬೇಕಿಲ್ಲ.

ಕರ್ನಾಟಕಕ್ಕೂ ಈ ಕಥೆ ತಾಗುತ್ತೆ. 1980ರ ದಶಕದಲ್ಲಿ ಕೆಜಿಎಫ್ ಗಣಿಯ ಆಳದಲ್ಲಿ ಬಿಎಆರ್‌ಸಿ ಹೀಟರ್ ಇಟ್ಟು ಬಂಡೆ ಶಾಖ ಹೇಗೆ ತಡೀತದೆ ಅಂತ ನೋಡಿತ್ತು, ತ್ಯಾಜ್ಯ ಇಟ್ಟಿರಲಿಲ್ಲ. 2012ರ ಕೊನೆಗೆ, ಕೂಡಂಕುಳಂ ಕೇಸು ಸುಪ್ರೀಂ ಕೋರ್ಟಿನಲ್ಲಿದ್ದಾಗ, ತ್ಯಾಜ್ಯ ಅಲ್ಲಿಗೇ ಬರುತ್ತೆ ಅನ್ನೋ ಸುದ್ದಿ ಹಬ್ಬಿ ಕೋಲಾರದ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಅಂತ ಸರ್ಕಾರ ಹೇಳಿತು. ಗಣಿ ಬಗ್ಗೆ ಕೇಳಿದ್ದು ಸರಿಯೇ. ತಾರಾಪುರದಿಂದ ಕೋಲಾರಕ್ಕೆ ಹಳಿ ಮೇಲೆ ಹೊರಟರೆ ಮೊದಲು ಸಿಗೋದು ವಸಾಯಿ, ದಿವಾ, ಆಮೇಲೆ ಕಲ್ಯಾಣ ಇಲ್ಲವೇ ಪನ್ವೇಲ್.